ವೈನಿ, ಹೊಲ ಮಾರಬೇಡಿ

ಬೆಂಗಳೂರು

ಪ್ರೀತಿಯ ವೈನಿಗೆ,

ನೀವು ಫೋನಿನಲ್ಲಿ ಎರಡು ಮಾತು ಕೇಳಿದಿರಿ. "ಎಲುಬು ಎಂಟನೇದು ಮುರದೈತಿ ಅಂತಾರ, ಕಾಗದದಾಗ ಮಾತ್ರ ಹತ್ತನೇದು ಅಂತ ಬರದಾರ. ಯಾವುದು ಖರೆ?" ಅಂತ ಒಂದು. "ಹೊಳಿ ದಂಡಿ ಎರಡೆಕರೆ ಮಾರಿ ಆ ಸ್ಟೆಮ್ ಸೆಲ್ ಸೂಜಿ ಮಾಡಸೂಣೇನು?" ಅಂತ ಇನ್ನೊಂದು. ಟ್ರ್ಯಾಲಿ ಪಲ್ಟಿಯಾಗಿ ಬೆನ್ನು ಮುರಿದ ಅಣ್ಣ ಬಾಜೂಕೇ ಮಲಗಿದ್ದ, ನಿಮ್ಮ ದನಿ ಸಣ್ಣದಾಗಿತ್ತು, ನಾನೂ ಹೂಂ ಹೂಂ ಅಂದು ಇಟ್ಟೆ. ಕಾಗದದಲ್ಲಾದರೆ ನೀವು ಪುರಸತ್ತಿನಲ್ಲಿ ಓದಬಹುದು, ತಿಳಿಯದ ಕಡೆ ಗೆರೆ ಎಳೆದಿಟ್ಟು ಮತ್ತೆ ಕೇಳಬಹುದು. ಅಣ್ಣನಿಗೂ ಓದಿ ಹೇಳಿ. ಒಂದೆರಡು ಮಾತು ನಿಮ್ಮೊಬ್ಬರಿಗೇ ಇವೆ, ಅಲ್ಲಿ ಬಂದಾಗ ಹೇಳುತ್ತೇನೆ.

ಎರಡನೆಯದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾರಬೇಡಿ. ಯಾಕೆ ಅನ್ನುವುದು ನಿಮ್ಮ ಮೊದಲ ಪ್ರಶ್ನೆಯ ಹೊಟ್ಟೆಯಲ್ಲೇ ಇದೆ.

ಬೆನ್ನಿನ ಎಲುಬಿನ ಸಾಲನ್ನು ಕಬ್ಬಿನ ಜಲ್ಲೆ ಅಂದುಕೊಳ್ಳಿ. ಗಣಿಕೆಯ ಮೇಲೆ ಗಣಿಕೆ, ಗಣಿಕೆಗೊಂದು ಕಣ್ಣು. ಕುತ್ತಿಗೆಯಲ್ಲಿ 7 ಎಲುಬು, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡವು. ಎರಡು ಎಲುಬಿನ ಸಂದಿಯಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತದೆ. ಇಡೀ ಬೆನ್ನಿಗೆ ಇಂಥವು 31 ಜೋಡಿ, ಎದೆಭಾಗದಲ್ಲಿ 12. ಡಾಕ್ಟರು ಒಮ್ಮೆ ಡಿ-8 ಅಂತ, ಒಮ್ಮೆ ಟಿ-8 ಅಂತ ಬರೆದದ್ದಕ್ಕೆ ಗಾಬರಿ ಬೇಡ, ಎರಡೂ ಒಂದೇ ಎಲುಬು.

ಈಗ ಎಂಟು ಮತ್ತು ಹತ್ತರ ಲೆಕ್ಕ. ಎಲುಬುಗಳ ನಡುವಿನ ಕೊಳವೆಯಲ್ಲಿ ಮಿದುಳಿನಿಂದ ಇಳಿದುಬಂದ ಹುರಿ ಇದೆ. ಆ ಹುರಿ ಎಲುಬಿನ ಸಾಲಿನಷ್ಟು ಉದ್ದವಿಲ್ಲ. ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳ ತನಕ ಎರಡೂ ಸಮಸಮ. ಆಮೇಲೆ ಎಲುಬು ಬೇಗ ಬೇಗ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ದೊಡ್ಡವರಾಗುವ ಹೊತ್ತಿಗೆ ಅದು ಸೊಂಟದ ಮೊದಲ ಅಥವಾ ಎರಡನೇ ಎಲುಬಿನ ಹತ್ತಿರವೇ ಮುಗಿದುಹೋಗಿರುತ್ತದೆ. ಹೀಗಾಗಿ ಹತ್ತನೇ ನರ ಹೊರಗೆ ಬೀಳುವುದು ಹತ್ತನೇ ಎಲುಬಿನ ಕೆಳಗೇ ಆದರೂ ಅದರ ಬುಡ ಎರಡು ಎಲುಬು ಮೇಲಿದೆ. ಎಂಟನೇ ಎಲುಬು ಪುಡಿಯಾದಾಗ ಒಳಗೆ ಸಿಕ್ಕು ಜಜ್ಜಿದ್ದು ಆ ಬುಡ. ಎರಡೂ ಖರೆ, ವೈನಿ. ಎಲುಬಿನ ಲೆಕ್ಕ ಆಪರೇಷನ್ ಮಾಡುವವರಿಗೆ ಬೇಕು, ರಾಡು ಸ್ಕ್ರೂ ಎಲ್ಲಿ ಹಾಕಬೇಕು ಅಂತ. ಬಾಳುವೆ ಮಾಡುವ ನಿಮಗೆ ಬೇಕಾದದ್ದು ನರದ ಲೆಕ್ಕ.

ನರ ಮೈಮೇಲೆ ಹೇಗೆ ಹರಡುತ್ತದೆ ಅನ್ನುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅವ್ವನಿಗೆ ಸರ್ಪಸುತ್ತು ಎದ್ದಿತ್ತಲ್ಲ, ನೀವು ಮದುವೆಯಾಗಿ ಬಂದ ಹೊಸದರಲ್ಲಿ. ಬೆನ್ನಿನ ನಡುವಿನಿಂದ ಹೊರಟು, ಎಡಪಕ್ಕೆಯ ಗುಂಟ ಹಾದು, ಎದೆಯ ನಡುಗೆರೆಗೆ ಬಂದು ನಿಂತ ಗುಳ್ಳೆಗಳ ಪಟ್ಟಿ. ಓಣಿಯವರು ಕೆಮ್ಮಣ್ಣು ಹಚ್ಚಿದರು. ಹೆಡೆ ಬಾಲ ಕೂಡಿದರೆ ಜೀವಕ್ಕೆ ಎರವು ಅಂತ ಹೆದರಿಸಿದರು. ಅದು ಕೂಡಲಿಲ್ಲ, ಕೂಡುವ ಹಾದಿಯೇ ಅದಕ್ಕಿಲ್ಲ. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಬಂದು ಹೋದಾಗಿನ ಚಿಕನ್‌ಪಾಕ್ಸ್ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ವಯಸ್ಸಾಗಿ ಮೈ ಸೋತಾಗ ಆ ಒಂದು ನರದ ಗುಂಟ ಹೊರಗೆ ಬರುತ್ತದೆ. ಒಂದು ನರ ಮೈಯ ಒಂದೇ ಮಗ್ಗುಲನ್ನು ನೋಡಿಕೊಳ್ಳುತ್ತದೆ, ಆಚೆ ಮಗ್ಗುಲು ಬೇರೆ ನರದ್ದು. ಅದಕ್ಕೇ ಗುಳ್ಳೆಗಳ ಸಾಲು ನಡುಗೆರೆಗೆ ಬಂದು ನಿಲ್ಲುತ್ತದೆ. 1900ರಲ್ಲಿ ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಸರ್ಪಸುತ್ತು ಆದವರ ಗುಳ್ಳೆಪಟ್ಟಿಗಳನ್ನೇ ನೋಡಿ ನೋಡಿ, ಯಾವ ನರ ಚರ್ಮದ ಯಾವ ಭಾಗಕ್ಕೆ ಅಂತ ನಕಾಶೆ ಬರೆದರು. ನಾವು ಇಂದಿಗೂ ಆ ಜಾಡಿನಲ್ಲೇ ಇದ್ದೇವೆ. ನಾಲ್ಕನೇ ಎದೆನರ ಮೊಲೆತೊಟ್ಟಿನ ಮಟ್ಟ. ಆರನೆಯದು ಎದೆಗೂಡಿನ ತುದಿ. ಹತ್ತನೆಯದು ಹೊಕ್ಕಳು. ಹನ್ನೆರಡನೆಯದು ತೊಡೆಸಂದಿಯ ಮೇಲಂಚು.

ಅಣ್ಣನ ಗೆರೆ ಹೊಕ್ಕಳಲ್ಲಿ ನಿಂತಿದೆ. ಡಾಕ್ಟರು "ಕೈ ಊರದ ತಲಿ ಎತ್ತು" ಅಂದಾಗ ಅವನ ಹೊಕ್ಕಳು ಎದೆಯ ಕಡೆಗೆ ಸರಿದದ್ದನ್ನು ನೋಡಿ ನೀವು ಅಂಜಿದಿರಿ. ಮೇಲಿನ ಹೊಟ್ಟೆಯ ಸ್ನಾಯು ಎಳೆಯುತ್ತಿದೆ, ಕೆಳಗಿನದು ಎದುರು ಎಳೆಯುತ್ತಿಲ್ಲ, ಅಷ್ಟೇ ಅದರ ಅರ್ಥ. ಹತ್ತನೇ ನರದ ಪೆಟ್ಟಿಗೆ ಅದೊಂದು ಹಳೆಯ ಗುರುತು. ನನಗೆ ಅದರಲ್ಲಿ ಸಮಾಧಾನವೂ ಕಂಡಿತು: ಎರಡೂ ಕೈ ಪೂರಾ ಅವನವು, ಉಸಿರು ಅವನದು, ಕೂತರೆ ಮೈ ಹಿಡಿದುಕೊಳ್ಳುವ ಶಕ್ತಿ ಬಹಳಷ್ಟು ಉಳಿದಿದೆ. ಇನ್ನೂ ಮೇಲಿನ ಪೆಟ್ಟಾಗಿದ್ದರೆ ಈ ಕಾಗದ ಬೇರೆಯೇ ಆಗುತ್ತಿತ್ತು. ಆರನೇ ಎದೆನರದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರದ ನಳಿಗೆ ಮಡಚಿಕೊಂಡರೂ ಸಾಕು, ಬಿಪಿ ಏಕ್‌ದಮ್ ಏರಿ ತಲೆ ಸಿಡಿದು ಜೀವಕ್ಕೇ ಅಪಾಯ. ಆ ಕಾಟ ಅವನಿಗೆ ಬರುವ ಸಂಭವ ಬಹಳ ಕಡಿಮೆ.

ಆದರೆ ಎದೆಭಾಗದ ಪೆಟ್ಟಿಗೆ ತನ್ನದೇ ಕೆಟ್ಟ ಗುಣವೂ ಇದೆ, ಅದನ್ನು ಮುಚ್ಚಿಡಲಾರೆ. ಕುತ್ತಿಗೆ, ಸೊಂಟ ಬಾಗುವ ಜಾಗಗಳು. ಎದೆಯ ಎಲುಬುಗಳನ್ನು ಪಕ್ಕೆಲುಬುಗಳು ಸುತ್ತಲೂ ಬಿಗಿದು ಹಿಡಿದಿವೆ, ಸುಮ್ಮಸುಮ್ಮನೆ ಮುರಿಯುವುದಿಲ್ಲ. ಮುರಿಯಬೇಕಾದರೆ ಕಬ್ಬು ತುಂಬಿದ ಟ್ರ್ಯಾಲಿ ಪಲ್ಟಿಯಾದಂಥ ಪೆಟ್ಟೇ ಬೀಳಬೇಕು. ಅವನ ಪಕ್ಕೆಲುಬು ಮುರಿದು ಎದೆಗೆ ನಳಿಗೆ ಹಾಕಿದ್ದೂ ಅದೇ ಹೊಡೆತಕ್ಕೆ. ಮೇಲಾಗಿ ಅಲ್ಲಿಯ ಕೊಳವೆ ಇಡೀ ಬೆನ್ನಿನಲ್ಲೇ ಇಕ್ಕಟ್ಟಾದದ್ದು, ಹುರಿಗೆ ರಕ್ತ ಸಾಗುವ ದಾರಿಯೂ ಅಲ್ಲಿ ಬಡವಾಗಿದೆ. ಹುರಿಗೆ ಅತ್ತಿತ್ತ ಸರಿಯಲು ಜಾಗವೇ ಇಲ್ಲ. ಹಾಗಾಗಿ ಅಲ್ಲಿ ಪೆಟ್ಟು ಬಿದ್ದರೆ ಅರ್ಧಮರ್ಧ ಆಗುವುದು ಕಡಿಮೆ, ಪೂರ್ತಿಯೇ ಜಾಸ್ತಿ.

ಪೂರ್ತಿಯೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಅದಕ್ಕೇ ಆ ಡಾಕ್ಟರು ಅವನ ಗುದದ ಸುತ್ತ ಸೂಜಿ ಮುಟ್ಟಿಸಿ ನೋಡಿದ್ದು, ಅಣ್ಣ ಸಿಟ್ಟಾಗಿ ಮುಖ ತಿರುವಿದ್ದು. ಅವಮಾನ ಮಾಡಬೇಕಂತ ಅಲ್ಲ. ಹುರಿಯ ಕಟ್ಟಕಡೆಯ ನರಗಳು ಅಲ್ಲಿಗೆ ಹೋಗುತ್ತವೆ. ಅಲ್ಲಿ ಒಂದು ಚೂರು ಮುಟ್ಟಿದ್ದು ತಿಳಿದರೂ ಪೆಟ್ಟಿನ ಜಾಗವನ್ನು ದಾಟಿ ಏನೋ ಸುದ್ದಿ ಹೋಗಿಬರುತ್ತಿದೆ ಅಂತ ಅರ್ಥ, ಮುಂದೆ ಸುಧಾರಿಸುವ ಆಸೆ ಹೆಚ್ಚು. ಅಣ್ಣನಿಗೆ ಅಲ್ಲಿ ತಿಳಿಯಲಿಲ್ಲ. ಮೊದಲ ವಾರದಲ್ಲೂ ತಿಳಿಯಲಿಲ್ಲ, ಆಮೇಲೆ ನೋಡಿದಾಗಲೂ ಇಲ್ಲ. ಅವನ ಕಾಗದದಲ್ಲಿ "ಎ" ಅಂತ, ಅಂದರೆ ಪೂರ್ತಿ ಪೆಟ್ಟು ಅಂತ, ಬರೆದದ್ದು ಅದಕ್ಕೇ. ಹೊಸದರಲ್ಲಿ "ಎ" ಇದ್ದವರಲ್ಲಿ ಕೆಲವರು ತಿಂಗಳುಗಳಲ್ಲಿ ಮೇಲಿನ ದರ್ಜೆಗೆ ಏರುವುದುಂಟು. ಎದೆಭಾಗದ ಪೆಟ್ಟಿನಲ್ಲಿ ಆ ಕೆಲವರೂ ಕಡಿಮೆ.

ಇನ್ನು ಕಾಲು ಜಿಗಿಯುವ ಮಾತು. ನೀವು ಹಾಸಿಗೆ ತೆಗೆಯುವಾಗ ಅವನ ಕಾಲು ತಾನೇ ಮಡಚಿ ಎದ್ದಿತು, ಅವ್ವ ಕೂಗಿ ಓಣಿ ಕೂಡಿಸಿದಳು, ಅವತ್ತೇ ಕಾಯಿ ಒಡೆಸಿದಳು. ನಿಮ್ಮ ತಮ್ಮ "ನರಾ ಚಿಗರಾಕ ಹತ್ಯಾವು, ಈಗ ಸೂಜಿ ಬಿದ್ದರ ನಡದೇ ಬಿಡ್ತಾನು" ಅಂದದ್ದು ಅದನ್ನು ನೋಡಿಯೇ. ವೈನಿ, ಇದನ್ನು ಹೇಗೆ ಹೇಳಲಿ ಅಂತ ಬಹಳ ಹೊತ್ತು ಕೂತೆ. ಪೆಟ್ಟಿನ ಕೆಳಗಿನ ಹುರಿ ಸತ್ತಿಲ್ಲ. ಅದಕ್ಕೆ ರಕ್ತ ಹೋಗುತ್ತಿದೆ, ಅದರ ನರಗಳು ಬದುಕಿವೆ. ಮಿದುಳಿನ ಜೊತೆ ಅದರ ಮಾತು ನಿಂತಿದೆ ಅಷ್ಟೆ. ಮೊದಲ ಕೆಲವು ವಾರ ಪೆಟ್ಟಿನ ಆಘಾತಕ್ಕೆ ಅದು ಸುಮ್ಮನಿತ್ತು, ಕಾಲು ಜೋಲುಬಿದ್ದಿದ್ದವು. ಆ ಆಘಾತ ಇಳಿದ ಮೇಲೆ ಅದು ತನ್ನಷ್ಟಕ್ಕೆ ಕೆಲಸ ಶುರು ಮಾಡುತ್ತದೆ: ಹಾಸಿಗೆ ತಾಕಿದರೆ ಕಾಲು ಎಳೆದುಕೋ, ಇಷ್ಟೇ ಅದಕ್ಕೆ ಗೊತ್ತು. ಮಿದುಳು ಇದ್ದಿದ್ದರೆ ತಡೆಯುತ್ತಿತ್ತು. ಈಗ ತಡೆಯುವವರಿಲ್ಲ. ಆ ಜಿಗಿತ ಅಣ್ಣ ಮಾಡಿದ್ದಲ್ಲ. ಅವನಿಗೆ ಅದು ಗೊತ್ತಿದೆ. ಅವತ್ತು ಅವನು ಕಾಯಿಯ ಹೋಳು ತಿನ್ನದೆ ಗೋಡೆಗೆ ಮುಖ ಮಾಡಿ ಮಲಗಿದ ಅಂತ ನೀವೇ ಹೇಳಿದಿರಿ. ಮನೆಮಂದಿಯೆಲ್ಲ ಕುಣಿಯುವಾಗ ಖರೆ ಗೊತ್ತಿದ್ದವನು ಅವನೊಬ್ಬನೇ ಆಗಿದ್ದ.

ಹಾಗಂತ ಆ ಜಿಗಿತ ಕೆಲಸಕ್ಕೆ ಬಾರದ್ದೂ ಅಲ್ಲ. ತೊಡೆಯ ಮಾಂಸ ಕರಗದಂತೆ ಅದು ಕಾಯುತ್ತದೆ. ಚಾಡಿಯನ್ನೂ ಹೇಳುತ್ತದೆ: ಇದ್ದಕ್ಕಿದ್ದಂತೆ ಹೆಚ್ಚಾಯಿತೆಂದರೆ ಮೂತ್ರಕೋಶ ತುಂಬಿದೆಯೇ, ಹುಣ್ಣಾಗಿದೆಯೇ, ಕಾಲುಗುರು ಚುಚ್ಚಿದೆಯೇ ಅಂತ ಹುಡುಕಿ. ಅವನಿಗೆ ನೋವು ತಿಳಿಯುವುದಿಲ್ಲ, ಕಾಲು ಹೇಳುತ್ತದೆ.

ಈಗ ಸೂಜಿಯ ಮಾತಿಗೆ ಬರೋಣ. ಕೈಯ ನರ, ಕಾಲಿನ ನರ ಕತ್ತರಿಸಿ ಹೊಲಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಕಬ್ಬು ಕಡಿದರೆ ಕೂಳೆ ಚಿಗುರುವ ಹಾಗೆ ಬೆನ್ನುಹುರಿ ಚಿಗುರುವುದಿಲ್ಲ. ಪೆಟ್ಟಿನ ಜಾಗದಲ್ಲಿ ಗಾಯದ ಕಲೆ ಕಟ್ಟಿ ದಾರಿ ಮುಚ್ಚುತ್ತದೆ, ಹುರಿಯ ನರಗಳ ಹೊದಿಕೆಯಲ್ಲೇ ಬೆಳವಣಿಗೆಗೆ ಅಡ್ಡ ನಿಲ್ಲುವ ಅಂಶಗಳಿವೆ. ಸ್ಟೆಮ್ ಸೆಲ್ ಇದನ್ನು ದಾಟಿಸೀತೆ ಅಂತ ಜಗತ್ತಿನ ತುಂಬ ಪ್ರಯೋಗ ನಡೆದಿವೆ. ಆದರೆ ಪ್ರಯೋಗ ಬೇರೆ, ಮಾರಾಟ ಬೇರೆ. ನಮ್ಮ ದೇಶದ ವೈದ್ಯ ಸಂಶೋಧನಾ ಮಂಡಳಿ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟ ಹೇಳಿದೆ: ರಕ್ತದ ಕೆಲವು ರೋಗಗಳನ್ನು ಬಿಟ್ಟು ಬೇರೆಲ್ಲ ಕಡೆ ಸ್ಟೆಮ್ ಸೆಲ್ ಇನ್ನೂ ಸಂಶೋಧನೆಯ ಹಂತದಲ್ಲಿದೆ, ಮಂಜೂರಾದ ಪ್ರಯೋಗದ ಹೊರಗೆ ಅದನ್ನು ಚಿಕಿತ್ಸೆ ಅಂತ ಕೊಡುವಂತಿಲ್ಲ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಆ ಸೂಜಿಗೆ ದುಡ್ಡು ಕೇಳುವಂತಿಲ್ಲ. ನಿಮ್ಮ ತಮ್ಮನಿಗೆ ಇಷ್ಟೇ ಹೇಳಿ: ದುಡ್ಡು ಕೇಳಿದರೆಂದರೆ ಅದು ಪ್ರಯೋಗವಲ್ಲ. ನಾನು ಕೆಲಸ ಮಾಡುವ ಪುನಶ್ಚೇತನ ವಾರ್ಡಿಗೆ ಬರುವವರಲ್ಲಿ ಹೊಲ ಮಾರಿ ಆ ಸೂಜಿ ಹಾಕಿಸಿಕೊಂಡು ಬಂದವರಿದ್ದಾರೆ. ಕಾಲು ಬರಲಿಲ್ಲ, ಹೊಲವೂ ಉಳಿಯಲಿಲ್ಲ, ಗಾಲಿಕುರ್ಚಿ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಸಿಟ್ಟು ಬರುತ್ತದೆ ನನಗೆ, ಮಾರಿದವರ ಮೇಲೆ ಅಲ್ಲ.

ಆಸೆಯೇ ಬೇಡ ಅನ್ನುತ್ತಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್, ಜೋಸೆಲಿನ್ ಬ್ಲಾಕ್ ಎಂಬಿಬ್ಬರ ತಂಡ ಪೆಟ್ಟಿನ ಕೆಳಗಿನ ಹುರಿಗೆ ವಿದ್ಯುತ್ ತಟ್ಟುವ ಪಟ್ಟಿ ಇಟ್ಟು, ಪೂರ್ತಿ ಸ್ವಾಧೀನ ಕಳೆದುಕೊಂಡಿದ್ದ ಮೂವರನ್ನು ನಿಲ್ಲಿಸಿ ಹೆಜ್ಜೆ ಹಾಕಿಸಿದ್ದನ್ನು 2022ರಲ್ಲಿ ಪ್ರಕಟಿಸಿತು. ಆ ಮೂವರ ಪೆಟ್ಟೂ ಎದೆಭಾಗದ್ದೇ. ಆಸರೆ ಹಿಡಿದು, ಯಂತ್ರ ಚಾಲೂ ಇದ್ದಾಗ ಮಾತ್ರ. ಅದು ನಮ್ಮ ಕಡೆಗೆ ಯಾವಾಗ ಬರುತ್ತದೋ, ಬಂದಾಗ ಮೈಯಲ್ಲಿ ಹುಣ್ಣಿಲ್ಲದವರಿಗೆ, ಕೀಲು ಬಿಗಿಯದವರಿಗೆ, ಕಿಡ್ನಿ ಗಟ್ಟಿ ಇದ್ದವರಿಗೆ ದಕ್ಕುತ್ತದೆ. ಆ ಮೈಯನ್ನು ಕಾಯುವುದು ಅಣ್ಣನ ಈಗಿನ ಕೆಲಸ.  

ಮುಂಚೆ ಈ ಪೆಟ್ಟು ಬಿದ್ದವರು ಬದುಕುತ್ತಲೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಾಗಿದ ಸಿಪಾಯಿಗಳಲ್ಲಿ ಹೆಚ್ಚಿನವರು ವಾರಗಳಲ್ಲಿ ಸತ್ತರು. ಸತ್ತದ್ದು ಗುಂಡಿನಿಂದಲ್ಲ, ಬೆನ್ನಹುಣ್ಣು ಕೊಳೆತು, ಮೂತ್ರ ಕಟ್ಟಿ ನಂಜೇರಿ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಲುಡ್ವಿಗ್ ಗುಟ್ಮನ್ ಅಂತ, ಹಿಟ್ಲರನ ಜರ್ಮನಿಯಿಂದ ಓಡಿಬಂದಿದ್ದ ಯಹೂದಿ ಡಾಕ್ಟರು, ಇಂಥವರ ವಾರ್ಡು ತೆರೆದರು. ಅವರ ಕೈಯಲ್ಲಿ ಯಾವ ಹೊಸ ಔಷಧದ ಜಾದೂವೂ ಇರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ತಿರುಗಿಸಿ ಅಂದರು, ಹಗಲೂ ರಾತ್ರಿ. ರಾತ್ರಿ ತಾವೇ ಬಂದು ತಿರುಗಿಸಿದ್ದಾರೋ ಇಲ್ಲವೋ ನೋಡುತ್ತಿದ್ದರು. ಮೂತ್ರ ಸ್ವಚ್ಛ ಇಟ್ಟರು. ಎಬ್ಬಿಸಿ ಕೂಡಿಸಿ ಕೆಲಸಕ್ಕೆ, ಆಟಕ್ಕೆ ಹಚ್ಚಿದರು. ಜನ ಬದುಕತೊಡಗಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ 16 ಜನರಿಂದ ಬಿಲ್ಲುಗಾರಿಕೆಯ ಪಂದ್ಯ ಆಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿ.

ಆ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ ತಂದವರು ನಮ್ಮ ಗಡಿಯಾಚೆ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟ್ಕರ್. ಸೈನ್ಯದಲ್ಲಿ ಬಾಕ್ಸಿಂಗ್ ಆಡಿದ ಮೈ. 1965ರ ಯುದ್ಧದಲ್ಲಿ ಗುಂಡು ತಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಸರಕಾರಕ್ಕೆ ಅವರ ನೆನಪಾಗಿ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ, ಅದು ಬೇರೆ ಕಥೆ. 'ಚಂದು ಚಾಂಪಿಯನ್' ಅಂತ ಸಿನಿಮಾ ಬಂತಲ್ಲ, ಅದು ಅವರದೇ. ಅಣ್ಣನಿಗೆ ತೋರಿಸಿ, ಆದರೆ ಈಗಲೇ ಅಲ್ಲ. ಬೇಸರದಲ್ಲಿರುವವನಿಗೆ ಚಿನ್ನದ ಪದಕ ತೋರಿಸಿದರೆ ಸಿಟ್ಟು ಬರುತ್ತದೆ.

ನನಗೆ ಅದಕ್ಕಿಂತ ಹತ್ತಿರ ಅನಿಸುವುದು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್. ಕೇರಳದ ಹುಡುಗಿ, ಡಾಕ್ಟರಾಗಿ ಇನ್ನೂ ಕಲಿಯುತ್ತಿದ್ದಾಗಲೇ 1954ರಲ್ಲಿ ವಾಹನ ಉರುಳಿ ಬೆನ್ನುಹುರಿ ಜಜ್ಜಿತು. ನಡೆಯಲು ಆಗಲೇ ಇಲ್ಲ. ಕೂತೇ ಮಾಡುವ ಶಸ್ತ್ರಚಿಕಿತ್ಸೆ ಯಾವುದಿದೆ ಅಂತ ಹುಡುಕಿ, ಕುಷ್ಠರೋಗದಿಂದ ಮುದುಡಿದ ಕೈಗಳನ್ನು ಗಾಲಿಕುರ್ಚಿಯಿಂದಲೇ ನೇರ ಮಾಡಿದರು. ಆಮೇಲೆ ಪರದೇಶಕ್ಕೆ ಹೋಗಿ ಪುನಶ್ಚೇತನದ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಇಂಥವರಿಗಾಗಿಯೇ ಒಳರೋಗಿಗಳ ಪುನಶ್ಚೇತನ ಕೇಂದ್ರ ಎದ್ದದ್ದು ಅವರ ದುಡಿಮೆಯಿಂದ. ನಾನು ಇವತ್ತು ಮಾಡುವ ಕೆಲಸದ ಬೇರು ಈ ದೇಶದಲ್ಲಿ ಅಲ್ಲಿದೆ.

ಇನ್ನು ಅಣ್ಣನ ದಿನಚರಿ. ಇದನ್ನು ಗೋಡೆಗೆ ಬರೆದು ಹಚ್ಚಿದರೂ ಸರಿ.

ಚರ್ಮ. ಮಲಗಿದಾಗ ಎರಡು ತಾಸಿಗೊಮ್ಮೆ ಮಗ್ಗಲು. ಕೂತಾಗ ಕಾಲು ತಾಸು ದಾಟುವುದರೊಳಗೆ ಕೈ ಊರಿ ಕುಂಡೆ ಎತ್ತಬೇಕು, ಅದನ್ನು ಅವನೇ ಮಾಡಬೇಕು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಬೆಳ್ಳಿ ಕಡಗ ಹಾಕಿಸಿಕೊಂಡ ತೋಳು ಅವನವು, ತನ್ನ ಮೈ ತಾನು ಎತ್ತಲಾರನೇ? ಸಂಜೆಗೊಮ್ಮೆ ಕುಂಡೆ, ಹಿಮ್ಮಡಿ, ಸೊಂಟದ ಮಗ್ಗಲು ಕನ್ನಡಿ ಹಿಡಿದು ನೋಡಲಿ. ಒತ್ತಿದರೂ ಬಿಳುಪಾಗದ ಕೆಂಪು ಕಂಡರೆ ಅದು ಮಾಯುವ ತನಕ ಆ ಜಾಗದ ಮೇಲೆ ಭಾರ ಬೀಳಬಾರದು. ನಮ್ಮ ಕಡೆಯ ಬಿಸಿಲಿಗೆ ಕಾದ ಕಬ್ಬಿಣದ ಮಂಚ, ಬೈಕಿನ ಸೈಲೆನ್ಸರು, ಮಡಿಲಲ್ಲಿಟ್ಟುಕೊಂಡ ಬಿಸಿ ಚಹಾ, ಯಾವುದೂ ಅವನಿಗೆ ತಿಳಿಯುವುದಿಲ್ಲ. ಪಕ್ಕದೂರಿನಿಂದ ಬರುವ ಆ ತಿಕ್ಕುವವನಿಗೆ ಕುದಿಯುವ ಎಣ್ಣೆ ಕಾಲಿಗೆ ಹಚ್ಚಬೇಡ ಅಂತ ನಾನು ಹೇಳಿದೆ ಅಂತಲೇ ಹೇಳಿ. ಬೊಬ್ಬೆ ಎದ್ದರೆ ತಿಂಗಳುಗಟ್ಟಲೆ ಹಾಸಿಗೆ.

ಮೂತ್ರ. ಈಗಿನ ಕಾಯಂ ನಳಿಗೆ ತೆಗೆಸುವ ಬಗ್ಗೆ ಮುಂದಿನ ಸಲ ಡಾಕ್ಟರಿಗೆ ಕೇಳಿ. ನಾಲ್ಕರಿಂದ ಆರು ತಾಸಿಗೊಮ್ಮೆ ಸಣ್ಣ ನಳಿಗೆ ಹಾಕಿ, ಖಾಲಿ ಮಾಡಿ, ತೆಗೆದುಬಿಡುವ ರೀತಿಯೇ ಕಿಡ್ನಿಗೆ ಒಳ್ಳೆಯದು. ಒಂದು ಸಲಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಬರುತ್ತಿದ್ದರೆ ತಡವಾಗುತ್ತಿದೆ ಅಂತ ತಿಳಿಯಿರಿ. ಇದಕ್ಕೆ ಆಪರೇಷನ್ ಕೋಣೆಯ ಮಡಿ ಬೇಕಿಲ್ಲ, ಸೋಪಿನಿಂದ ತೊಳೆದ ಕೈ, ಸ್ವಚ್ಛ ನಳಿಗೆ ಸಾಕು ಅಂತ 1972ರಲ್ಲೇ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ತೋರಿಸಿಕೊಟ್ಟರು. ಅಲ್ಲಿಯ ತನಕ ಈ ಜನರನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಕಿಡ್ನಿಯೇ. ಅವನು ಇದನ್ನು ತಾನೇ ಕಲಿಯಬೇಕು, ನೀವಲ್ಲ. ನೀವು ಕಲಿತರೆ ನೀವು ತವರಿಗೆ ಹೋಗುವಂತಿಲ್ಲ, ಅವನು ಕಬ್ಬಿನ ಕಾರಖಾನೆಯ ಗೇಟಿಗೂ ಹೋಗುವಂತಿಲ್ಲ. ಚಳಿಜ್ವರ ಬಂದರೆ, ಮೂತ್ರ ಕದಡಿ ನಾತ ಹೊಡೆದರೆ ಅವತ್ತೇ ತೋರಿಸಿ.

ಸಂಡಾಸು ದಿನವೂ ಒಂದೇ ಹೊತ್ತಿಗೆ, ಉಂಡು ಅರ್ಧ ತಾಸಿನೊಳಗೆ ಕೂಡಿಸಿ. ಹೊಟ್ಟೆ ತುಂಬಿದಾಗ ಕರುಳು ತಾನೇ ಚಲಿಸುತ್ತದೆ, ಆ ಗುಣ ಅವನಲ್ಲಿ ಉಳಿದಿದೆ.

ಇದು ನಿಮ್ಮೊಬ್ಬರಿಗೆ. ನಾದಿನಿ ಬರೆಯಬಾರದ ಮಾತು, ವಾರ್ಡಿನಲ್ಲಿ ಕೆಲಸ ಮಾಡುವವಳು ಬರೆಯಬೇಕಾದ ಮಾತು. ನೀವು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಗಂಡ ಹೆಂಡಿರ ಸಂಬಂಧ ಮುಗಿದುಹೋಯಿತು ಅಂತ ತಿಳಿಯಬೇಡಿ. ಆ ನರಗಳು ಹುರಿಯ ತುದಿಯಲ್ಲಿವೆ, ಅವನ ಪೆಟ್ಟಿನ ಕೆಳಗೆ, ಬದುಕಿವೆ. ಮುಟ್ಟಿದರೆ ಮೈ ಸ್ಪಂದಿಸಬಹುದು, ಅವನಿಗೆ ತಿಳಿಯದಿದ್ದರೂ. ಮಾತ್ರೆಗಳಿವೆ, ಉಪಾಯಗಳಿವೆ. ಇನ್ನೊಂದು ಮಗು ಬೇಕೆನಿಸಿದರೆ ಅದಕ್ಕೂ ದಾರಿಗಳಿವೆ. ಡಾಕ್ಟರ ಹತ್ತಿರ ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ಮತ್ತೆ ನೀವು ಬೇರೆ ಕೋಣೆಯಲ್ಲಿ ಮಲಗಬೇಡಿ. ಮಗ್ಗಲು ತಿರುಗಿಸಲು ಅಂತ ಅವ್ವನಿಗೆ ಹೇಳಿ, ಅಲ್ಲೇ ಮಲಗಿ.

ಸೂಜಿಗೆ ಅಲ್ಲದಿದ್ದರೆ ದುಡ್ಡು ಎಲ್ಲಿ ಹಾಕಬೇಕು ಅಂತೀರಿ. ಮೊದಲು ಬಚ್ಚಲು. ಗಾಲಿಕುರ್ಚಿ ಹೋಗುವಷ್ಟು ಬಾಗಿಲು, ಕೂಡುವ ಕಮೋಡು, ಗೋಡೆಗೆ ಹಿಡಿಕೆ. ಆಮೇಲೆ ಇಳಿಜಾರು. ನಮ್ಮ ಕಲ್ಲಿನ ಕಟ್ಟೆ, ಪಾವಟಿಗೆ, ಹೊಸ್ತಿಲು ಎಲ್ಲ ಸೇರಿ ಎಷ್ಟು ಎತ್ತರವೋ ಅದರ 12 ಪಟ್ಟು ಉದ್ದ ಬೇಕು, ಅಂದರೆ ಎರಡಡಿ ಕಟ್ಟೆಗೆ 24 ಅಡಿ. ಅಂಗಳ ಸಾಲದಿದ್ದರೆ ನಡುವೆ ತಿರುವು ಕೊಟ್ಟು ಕಟ್ಟಿಸಿ. ಹಿಂದಿನ ಕಡೆಯಿಂದಲೂ ಒಂದು ದಾರಿ ಇರಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿದಾಗ ತಾಲ್ಲೂಕಿನ ಹೊಳೆದಂಡೆಯ ಊರುಗಳು ಹೇಗೆ ಮನೆ ಬಿಟ್ಟು ಓಡಿದವು ನೆನಪಿರಲಿ, ಆಗ ಅವನ ಕಾಲು ಅವನವಾಗಿದ್ದವು. ಮೂರನೆಯದು ಒಳ್ಳೆಯ ಗಾಲಿಕುರ್ಚಿ, ಒಳ್ಳೆಯ ಕುಶನ್. ಆಸ್ಪತ್ರೆಯ ದೊಡ್ಡ ಕುರ್ಚಿ ಬೇಡ, ಅದು ತಳ್ಳಿಸಿಕೊಳ್ಳುವವರಿಗೆ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಮಾಸಾಶನಕ್ಕೂ ಬಸ್ ಪಾಸಿಗೂ ಅದೇ ಬೇಕು. ಇಷ್ಟೆಲ್ಲ ಸೇರಿಯೂ ಹೊಲ ಮಾರುವಷ್ಟಾಗುವುದಿಲ್ಲ. ಹೊಲ ಇರಲಿ, ಅವನ ತಲೆಯಲ್ಲಿ ನೀರು, ಗೊಬ್ಬರ, ಕಾರಖಾನೆಯ ಬಾಕಿ ಎಲ್ಲ ಇದ್ದೇ ಇವೆ. ನೋಡಿಕೊಳ್ಳಲು ಅವನಿಗೆ ಏನಾದರೊಂದು ಇರಬೇಕು.

ಬೆಂಗಳೂರಿನಲ್ಲಿ ಎಪಿಡಿ ಅಂತ ಸಂಸ್ಥೆಯಿದೆ, ಪೋಲಿಯೊದಿಂದ ತಾವೇ ಬಳಲಿದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ್ದು. ಬೆನ್ನುಹುರಿಗೆ ಪೆಟ್ಟಾದವರಿಗೆ ಅಲ್ಲಿ ತರಬೇತಿಯುಂಟು. ಕುರ್ಚಿಯಿಂದ ಮಂಚಕ್ಕೆ ದಾಟುವುದು, ಬಿದ್ದರೆ ಏಳುವುದು ಇತ್ಯಾದಿ. ನಾನು ಹತ್ತು ಸಲ ಹೇಳುವುದಕ್ಕಿಂತ ಗಾಲಿಕುರ್ಚಿಯಲ್ಲಿ ಕೂತ ಇನ್ನೊಬ್ಬ ರೈತ ಒಮ್ಮೆ ಹೇಳಿದರೆ ಅಣ್ಣ ಕೇಳುತ್ತಾನೆ. ಅದಕ್ಕೇ ಅವನನ್ನು ಇಲ್ಲಿಗೆ ಕರೆತರುವ ಯೋಚನೆ.

ಪೆಟ್ಟಾದ ದಿನ ಗದ್ದೆಯಲ್ಲಿ ಅವನನ್ನು ಇಬ್ಬರು ಬಗಲಿಗೆ, ಇಬ್ಬರು ಕಾಲಿಗೆ ಕೈ ಹಾಕಿ ಎತ್ತಿ ಟಂಟಂನಲ್ಲಿ ಮಡಚಿ ಕೂಡಿಸಿದರು ಅಂತ ನೀವು ಇನ್ನೂ ಕೊರಗುತ್ತೀರಿ. ಟ್ರ್ಯಾಲಿ ಬಿದ್ದ ಕ್ಷಣದಲ್ಲೇ ಆಗಬೇಕಾದದ್ದು ಬಹುಪಾಲು ಆಗಿಹೋಗಿತ್ತು ಅಂತ ಸ್ಕ್ಯಾನು ನೋಡಿದವರು ಹೇಳಿದ್ದಾರೆ. ಎತ್ತಿದ ಹುಡುಗರ ಮೇಲೆ ಹಾಕಬೇಡಿ, ಅವರು ಅವನ ಜೀವ ಉಳಿಸಿದವರು. ಆದರೆ ಮುಂದಿನ ಸುಗ್ಗಿಗೆ ಕಬ್ಬು ಕಡಿಯುವ ಗ್ಯಾಂಗು ಬಂದಾಗ ಹೇಳಿಕೊಡಿ: ಬಿದ್ದವನಿಗೆ ಬೆನ್ನು ನೋವು, ಕಾಲು ಜೋಮು ಅಂದರೆ ಎಬ್ಬಿಸಿ ಕೂಡಿಸಬಾರದು. 108ಕ್ಕೆ ಫೋನು. ತಲೆ ಒಬ್ಬ ಹಿಡಿಯಬೇಕು, ಉಳಿದವರು ಹೆಗಲು, ಸೊಂಟ, ಕಾಲು ಹಿಡಿದು ಒಂದೇ ಎಣಿಕೆಗೆ ಇಡೀ ಮೈ ಒಟ್ಟಿಗೆ ಮಗ್ಗಲಾಗಿಸಿ ಕೆಳಗೆ ಹಲಗೆ ಸರಿಸಬೇಕು. ಹಲಗೆ ಇಲ್ಲದಿದ್ದರೆ ಗುಡಿಸಲಿನ ಬಾಗಿಲು ಕಿತ್ತರೂ ಆದೀತು.

ಈಗ ಗಾಲಿಕುರ್ಚಿಗಾಗಿ ನೀವು ಮಾಡಬೇಕಾದ ಕೆಲಸ. ಅಣ್ಣನನ್ನು ಗಟ್ಟಿ ಹಲಗೆಯ ಮೇಲೆ ಕೂಡಿಸಿ, ದರ್ಜಿಯ ಟೇಪಿನಲ್ಲಿ ಮೂರು ಅಳತೆ ತೆಗೆಯಿರಿ. ಕುಂಡೆಯ ಅಗಲ, ಇದ್ದಷ್ಟೇ ಬರೆಯಿರಿ, ಸಡಿಲಕ್ಕೆ ಎಷ್ಟು ಸೇರಿಸಬೇಕೋ ನಾನು ಸೇರಿಸುತ್ತೇನೆ. ಬೆನ್ನಿನಿಂದ ಮೊಣಕಾಲಿನ ಮಡಿಕೆಯ ತನಕ. ಮೊಣಕಾಲಿನ ಮಡಿಕೆಯಿಂದ ಹಿಮ್ಮಡಿಯ ತನಕ, ಚಪ್ಪಲಿ ಹಾಕಿಸಿ. ಬಚ್ಚಲ ಬಾಗಿಲಿನ ಅಗಲವನ್ನೂ ಬರೆದು ಫೋಟೋ ತೆಗೆದು ಕಳಿಸಿ. ಅವನು ಬೇಡ ಅಂದರೆ ಅಂಗಿ ಹೊಲಿಸಲು ಅಂತ ಹೇಳಬೇಡಿ, ಕುರ್ಚಿಗೆ ಅಂತಲೇ ಹೇಳಿ.

ನಿಮ್ಮ ನಾದಿನಿ